ಗೋಳಗುಮ್ಮಟವೂ ಹೆಪ್ಪುಗಟ್ಟಿದ ಕಡಲೂ

ಶಬ್ದವು ಹುಟ್ಟಿದ ಕಡೆಯಿಂದ ಕಿವಿಯವರೆಗೆ ಹೇಗೆ ಬರುತ್ತದೆ, ಬರುವ ದಾರಿಯಲ್ಲಿ ಏಕೆ ಸೊರಗುತ್ತದೆ ಎಂಬ ಪ್ರಶ್ನೆ ನಮ್ಮವರಿಗೆ ಹೊಸದಲ್ಲ. ನೈಯಾಯಿಕರು ಇದಕ್ಕೆ ಎರಡು ದೃಷ್ಟಾಂತಗಳನ್ನು ಕೊಟ್ಟರು. ಕೊಳಕ್ಕೆ ಕಲ್ಲೆಸೆದಾಗ ಒಂದು ಅಲೆ ಇನ್ನೊಂದನ್ನು ಹುಟ್ಟಿಸುತ್ತ ದಡ ಸೇರುವಂತೆ ಎಂಬುದು ವೀಚೀತರಂಗ ನ್ಯಾಯ. ಕದಂಬದ ಮೊಗ್ಗು ಎಲ್ಲ ದಿಕ್ಕಿಗೂ ಒಮ್ಮೆಗೇ ಅರಳುವಂತೆ ಎಂಬುದು ಕದಂಬಮುಕುಲ ನ್ಯಾಯ. ನಮ್ಮ ಕೇಶಿರಾಜ 13ನೆಯ ಶತಮಾನದಲ್ಲಿ ಶಬ್ದಮಣಿದರ್ಪಣವನ್ನು ರಚಿಸುವಾಗ, ಜೈನ ಸಂಪ್ರದಾಯವನ್ನು ಅನುಸರಿಸಿ, ಶಬ್ದವನ್ನು ಒಂದು ದ್ರವ್ಯವೆಂದೇ ಕರೆದ. ಅದು ನಾಭಿಮೂಲದಿಂದ ಕಹಳೆಯ ರೀತಿಯಲ್ಲಿ ಹೊರಡುತ್ತದೆಂದೂ ಅದರ ಬಣ್ಣ ಬಿಳುಪೆಂದೂ ಹೇಳಿದ. ಪಾಠದ ನಡುವೆ ಈ ಮಾತು ಬಂದಾಗ ಹುಡುಗರು ನಗುತ್ತಾರೆ. ನಗಲಿ. ಕಾಣದ ವಸ್ತುವಿಗೆ ಒಂದು ರೂಪ ಕೊಟ್ಟು ಹಿಡಿಯಲು ಯತ್ನಿಸಿದವನನ್ನು ನಾನಂತೂ ಹಗುರವಾಗಿ ಕಾಣಲಾರೆ.

ಹೊಸಗಾಲದ ವಿಜ್ಞಾನ ಶಬ್ದಕ್ಕೆ ಬಣ್ಣ ಹಚ್ಚಲಿಲ್ಲ. ಗಾಳಿಯಲ್ಲಾಗಲಿ ನೀರಿನಲ್ಲಾಗಲಿ ಕಲ್ಲಿನಲ್ಲಾಗಲಿ ಹಾಯ್ದು ಹೋಗುವ ಒತ್ತಡದ ಅಲೆಯೇ ಶಬ್ದವೆಂದು ಅದು ನಿಶ್ಚಯಿಸಿತು. ಆದರೆ ಕದಂಬದ ಮೊಗ್ಗನ್ನು ಅದೂ ಕೈಬಿಡುವಂತಿಲ್ಲ. ಬಯಲಿನಲ್ಲಿ ಹುಟ್ಟಿದ ಧ್ವನಿ ಗೋಲಾಕಾರವಾಗಿ ಹಬ್ಬುತ್ತದೆ. ಇದ್ದ ಶಕ್ತಿಯನ್ನೇ ದೊಡ್ಡದಾಗುತ್ತ ಹೋಗುವ ಗೋಲದ ಮೇಲೆ ಹಂಚಬೇಕಾಗುತ್ತದೆ. ದೂರ ಎರಡರಷ್ಟಾದರೆ ಬಲ ನಾಲ್ಕರಲ್ಲೊಂದು ಪಾಲು, ಮೂರರಷ್ಟಾದರೆ ಒಂಬತ್ತರಲ್ಲೊಂದು ಪಾಲು. ಇದು ಸೊರಗುವುದಕ್ಕೆ ಮೊದಲನೆಯ ಕಾರಣ. ಎರಡನೆಯದನ್ನು ದಾರಿಸುಂಕವೆನ್ನಬಹುದು. ಹಾಯ್ದುಹೋಗುವ ಅಲೆಯಿಂದ ಮಾಧ್ಯಮವು ಸ್ವಲ್ಪ ಸ್ವಲ್ಪ ಶಕ್ತಿಯನ್ನು ಕಿತ್ತುಕೊಂಡು ಕಾವಾಗಿ ಮಾರ್ಪಡಿಸುತ್ತದೆ. ಮಾಧ್ಯಮದ ಅಂಟುತನದಿಂದ ಎಷ್ಟು ಸುಂಕ ಬೀಳುತ್ತದೆಂಬುದನ್ನು 1845ರಲ್ಲಿ ಸ್ಟೋಕ್ಸ್ ಲೆಕ್ಕ ಹಾಕಿದ. ಕಾವಿನ ಹರಿದಾಟದಿಂದ ಆಗುವ ನಷ್ಟವನ್ನು 1868ರಲ್ಲಿ ಕಿರ್ಕಾಫ್ ಸೇರಿಸಿದ. ಈ ಸುಂಕದಲ್ಲಿ ಒಂದು ಪಕ್ಷಪಾತವುಂಟು. ಮಂದ್ರಸ್ವರಕ್ಕೆ ಕಡಿಮೆ, ತಾರಸ್ವರಕ್ಕೆ ಹೆಚ್ಚು.

ಇದನ್ನು ತಿಳಿಯಲು ಪ್ರಯೋಗಶಾಲೆ ಬೇಕಿಲ್ಲ. ಹೊಸದುರ್ಗ ತಾಲ್ಲೂಕಿನ ನಮ್ಮ ಬಾಗೂರಿನ ಕಡೆ, ರಾತ್ರಿ ಹೊತ್ತು ದೂರದ ಹಳ್ಳಿಯೊಂದರಲ್ಲಿ ದೇವರ ಉತ್ಸವ ನಡೆದರೆ, ಮೊದಲು ಕಿವಿಗೆ ಬೀಳುವುದು ಡೊಳ್ಳಿನ, ಉರುಮೆಯ ದುಂಕಾರ. ಅದೇ ಮೇಳದಲ್ಲಿ ಓಲಗದವನು ಕೆನ್ನೆಯುಬ್ಬಿಸಿ ಊದುತ್ತಿರುತ್ತಾನೆ, ತಾಳದವನು ಬೆರಳು ನೋಯುವಂತೆ ತಟ್ಟುತ್ತಿರುತ್ತಾನೆ. ಅವರಿಬ್ಬರ ಶ್ರಮವೂ ಆ ಊರ ಹೊರಗಿನ ಹುಣಸೆಮರವನ್ನು ದಾಟುವುದಿಲ್ಲ. ಡೊಳ್ಳು ಮಾತ್ರ ಹೊಲ ಹಳ್ಳಗಳನ್ನು ದಾಟಿ ಬರುತ್ತದೆ.

ಹಗಲಲ್ಲಿ ಕೇಳದ ಡೊಳ್ಳು ರಾತ್ರಿ ಕೇಳುವುದೇಕೆ? ಊರು ಮಲಗಿ ಗದ್ದಲ ಅಡಗಿರುತ್ತದೆ ಎಂಬುದು ಅರ್ಧ ಉತ್ತರ. ಉಳಿದರ್ಧ ಹೀಗಿದೆ: ತಣ್ಣನೆಯ ಗಾಳಿಯಲ್ಲಿ ಶಬ್ದ ನಿಧಾನವಾಗಿ ನಡೆಯುತ್ತದೆ, ಬೆಚ್ಚನೆಯ ಗಾಳಿಯಲ್ಲಿ ವೇಗವಾಗಿ. ರಾತ್ರಿ ನೆಲ ತಣಿದು, ಅದಕ್ಕೆ ತಾಗಿದ ಗಾಳಿ ಮೇಲಿನದಕ್ಕಿಂತ ತಂಪಾಗುತ್ತದೆ. ಜೋಡೆತ್ತಿನ ಗಾಡಿಯಲ್ಲಿ ಒಂದು ಎತ್ತು ಹಿಂದೆ ಬಿದ್ದರೆ ಗಾಡಿ ಆ ಎತ್ತಿನ ಕಡೆಗೇ ತಿರುಗುವುದಲ್ಲವೆ? ಹಾಗೆಯೇ ಧ್ವನಿಯೂ ನಿಧಾನದ ಕಡೆಗೆ ಬಾಗುತ್ತದೆ. ಮೇಲಕ್ಕೆ ಹೋಗಿ ಆಕಾಶದ ಪಾಲಾಗಬೇಕಾದ ಶಬ್ದ ಕೆಳಕ್ಕೆ ಬಾಗಿ, ನೆಲ ಹಿಡಿದುಕೊಂಡು ನಮ್ಮ ಜಗಲಿಯವರೆಗೂ ಬರುತ್ತದೆ.

ಸುಂಕ, ಬಾಗು, ಈ ಎರಡನ್ನು ನೆನಪಿನಲ್ಲಿಟ್ಟುಕೊಂಡರೆ ಭೂಮಿಯ ಉತ್ತರ ತುದಿಯ ಹೆಪ್ಪುಗಟ್ಟಿದ ಕಡಲಿಗೆ ಹೋಗಬಹುದು. ಅಲ್ಲಿ ಧ್ವನಿ ಸೊರಗುವ ಕಥೆ ಬಲು ವಿಚಿತ್ರವಾದದ್ದು. ಅದು ಹಡಗುಗಳನ್ನು ಮುಳುಗಿಸಿದ ಕಥೆ, ಜನರನ್ನು ನೀರಿನೊಳಗೆ ಕುರುಡರಂತೆ ನಡೆಸಿದ ಕಥೆ, ಕೊನೆಗೆ ಕಡಲಿನ ಜ್ವರ ಅಳೆದ ಕಥೆಯೂ ಹೌದು. ಆದರೆ ಹೋಗುವ ದಾರಿಯಲ್ಲಿ ಬಿಜಾಪುರದಲ್ಲಿ ಇಳಿದು ಹೋಗೋಣ. ಧ್ರುವಸಾಗರದ ಬೀಗಕ್ಕೆ ಹೊಂದುವ ಕೀಲಿಕೈ ಅಲ್ಲಿದೆ.

ಈಗ ವಿಜಯಪುರವೆಂದು ಹೆಸರಾದ ಆ ಪಟ್ಟಣದ ಗೋಳಗುಮ್ಮಟ 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್ ಶಾಹನ ಸಮಾಧಿ. ಗುಮ್ಮಟದ ಒಳಗಿನ ಅಡ್ಡಳತೆ ಸುಮಾರು 125 ಅಡಿ. ಅದರ ಬುಡದಲ್ಲಿ ಸುತ್ತಲೂ ಓಡುವ ಮೊಗಸಾಲೆಯಲ್ಲಿ ಒಬ್ಬನು ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರು ಬದಿಯಲ್ಲಿರುವವನಿಗೆ ಅದು ಪಕ್ಕದಲ್ಲೇ ನುಡಿದಂತೆ ಕೇಳುತ್ತದೆ. ಕೈಗಡಿಯಾರದ ಟಿಕ್ ಟಿಕ್ ಕೂಡ ದಾಟುತ್ತದೆ. ಚಪ್ಪಾಳೆ ತಟ್ಟಿದರೆ ಏಳು ಸಲ ಮರುದನಿ ಎನ್ನುವವರುಂಟು, ಹತ್ತು ಸಲ ಎನ್ನುವವರೂ ಉಂಟು. ಹೈಸ್ಕೂಲಿನ ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದೊಯ್ದಿದ್ದೆ. ನಲವತ್ತು ಮಕ್ಕಳೂ ಒಟ್ಟಿಗೆ ಕೂಗಿ ಸಿಡಿಲಿನಂಥ ಗದ್ದಲವೆಬ್ಬಿಸಿದರೇ ಹೊರತು ಯಾರಿಗೂ ಏನೂ ಕೇಳಿಸಲಿಲ್ಲ. ಎಲ್ಲರೂ ಕೆಳಗಿಳಿದ ಮೇಲೆ ಹಿಂದುಳಿದಿದ್ದ ಒಬ್ಬ ಹುಡುಗಿ ಗೋಡೆಗೆ ಮುಖವಿಟ್ಟು ತನ್ನ ಗೆಳತಿಯ ಹೆಸರನ್ನು ಉಸಿರಿನಲ್ಲೇ ಹೇಳಿದಳು. ಆಚೆ ಬದಿಯ ಗೆಳತಿ ಬೆಚ್ಚಿ ಹಿಂದಿರುಗಿ ನೋಡಿದಳು. ಗೋಳಗುಮ್ಮಟವನ್ನು ನೋಡುವ ಕ್ರಮ ಅದು. ಕೂಗುವುದಕ್ಕಾದರೆ ನಮ್ಮೂರಿನ ಬಾವಿಯೇ ಸಾಕಾಗಿತ್ತು.

ಈ ಪಿಸುಮಾತು ಸೊರಗದೆ ಹೋಗುವುದು ಹೇಗೆ? ಲಂಡನ್ನಿನ ಸೇಂಟ್ ಪಾಲ್ ದೇವಾಲಯದಲ್ಲಿಯೂ ಇಂಥ ಒಂದು ಮೊಗಸಾಲೆಯಿದೆ. ಅದನ್ನು ಕುರಿತು ಲಾರ್ಡ್ ರ‍್ಯಾಲೆ 19ನೆಯ ಶತಮಾನದ ಕೊನೆಯ ಭಾಗದಲ್ಲಿ ವಿವರಣೆ ಕೊಟ್ಟ. ಒಳಬಾಗಿದ ಗೋಡೆಯ ಉದ್ದಕ್ಕೆ ಹೊರಟ ಧ್ವನಿ ಗೋಡೆಯನ್ನು ಬಿಟ್ಟು ನಡುವಿನ ಬಯಲಿಗೆ ಚದರುವುದಿಲ್ಲ. ಸಣ್ಣ ಸಣ್ಣ ಜಿಗಿತಗಳಲ್ಲಿ ಗೋಡೆಯನ್ನು ತಾಗಿ ತಾಗಿ, ಅದಕ್ಕೆ ಅಂಟಿಕೊಂಡಂತೆ ಸುತ್ತುತ್ತದೆ. ಕದಂಬದಂತೆ ಎಲ್ಲೆಡೆ ಅರಳಬೇಕಾದದ್ದು ಒಂದು ಸಣ್ಣ ಪಟ್ಟಿಯೊಳಗೆ ಸೆರೆಯಾಗುವುದರಿಂದ ಅದರ ಬಲ ಅಷ್ಟು ಬೇಗ ತಗ್ಗುವುದಿಲ್ಲ. 1921ರಲ್ಲಿ, ಆಗ ಕಲ್ಕತ್ತೆಯಲ್ಲಿ ಅಧ್ಯಾಪಕರಾಗಿದ್ದು ಮುಂದೆ 1933ರಲ್ಲಿ ಬೆಂಗಳೂರಿಗೆ ಬಂದು ನೆಲಸಿದ ಚಂದ್ರಶೇಖರ ವೆಂಕಟರಾಮನ್ನರು ಇಂಗ್ಲೆಂಡಿಗೆ ಹೋಗಿದ್ದರು. ಸಮುದ್ರದ ನೀಲಿಯನ್ನು ನೋಡಿ ಬೆರಗಾದ ಅವರ ಯಾತ್ರೆಯ ಕಥೆ ಎಲ್ಲರಿಗೂ ಗೊತ್ತು. ಅದೇ ಯಾತ್ರೆಯಲ್ಲಿ ಅವರು ಸೇಂಟ್ ಪಾಲ್ ಮೊಗಸಾಲೆಯಲ್ಲಿ ಕಿವಿಗೊಟ್ಟು ನಿಂತದ್ದು ಅಷ್ಟಾಗಿ ಪ್ರಚಾರವಾಗಲಿಲ್ಲ. ಗೋಡೆಯಿಂದ ಒಳಕ್ಕೆ ಸರಿದಂತೆ ಧ್ವನಿ ಒಂದೇ ಸಮನೆ ತಗ್ಗದೆ, ಏರುತ್ತ ಇಳಿಯುತ್ತ ಪಟ್ಟೆಪಟ್ಟೆಯಾಗಿರುತ್ತದೆಂದು ಅವರು ಸಹೋದ್ಯೋಗಿಯೊಬ್ಬರೊಡನೆ ಕಂಡುಹಿಡಿದರು. ಸ್ವದೇಶಕ್ಕೆ ಬಂದ ಮೇಲೆ ಭಾರತದ ಗುಮ್ಮಟಗಳ ವಿಷಯವನ್ನೂ ಬರೆದರು. ಅವುಗಳಲ್ಲಿ ಬಿಜಾಪುರದ್ದೂ ಒಂದು.

ಗೋಳಗುಮ್ಮಟದಲ್ಲಿ ಪಿಸುಮಾತು ಗೆಲ್ಲಲು ಇನ್ನೊಂದು ಕಾರಣವುಂಟು; ಅದು ಗಾರೆ ಕೆಲಸದವರದು. ಒಳಗೋಡೆ ನುಣುಪಾಗಿದೆ. ಪ್ರತಿ ತಾಗುವಿಕೆಯಲ್ಲೂ ಧ್ವನಿ ಸ್ವಲ್ಪವೇ ನಷ್ಟ ಹೊಂದಿ ಮುಂದೆ ಜಿಗಿಯುತ್ತದೆ. ಆ ಗಾರೆಯನ್ನು ಕಿತ್ತು, ಗೋಡೆಯ ತುಂಬ ಬಂಡೆಗಳನ್ನು ಅಡ್ಡಾದಿಡ್ಡಿ ನೆಟ್ಟು, ಬಿರುಕುಗಳಲ್ಲಿ ಒದ್ದೆ ಪಂಜು ತುರುಕಿದ್ದರೆ ಏನಾಗುತ್ತಿತ್ತು? ಧ್ರುವಸಾಗರದ ಮಾಡು ಅಂಥದು.

ಮಾಡಿಗಿಂತ ಮೊದಲು ನೀರಿನ ಮಾತು. ನೀರಿನಲ್ಲಿ ಶಬ್ದ ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗವಾಗಿ ಹೋಗುತ್ತದೆ. 1826ರಲ್ಲಿ ಜಿನೀವಾ ಸರೋವರದಲ್ಲಿ ಕೊಲಾಡನ್ ಎಂಬವನು ಒಂದು ದೋಣಿಯಿಂದ ಗಂಟೆಯನ್ನು ನೀರಿನೊಳಗೆ ಇಳಿಬಿಟ್ಟು, ಅದನ್ನು ಬಾರಿಸುವ ಕ್ಷಣಕ್ಕೇ ಮೇಲೆ ಮದ್ದಿನ ಬೆಳಕು ಹೊಳೆಯುವಂತೆ ಮಾಡಿ, ಸುಮಾರು 13 ಕಿಲೋಮೀಟರ್ ಆಚೆಯ ಇನ್ನೊಂದು ದೋಣಿಯಲ್ಲಿ ಕೊಳವೆಯನ್ನು ನೀರಿಗದ್ದಿ ಆಲಿಸಿದ. ಬೆಳಕಿಗೂ ದನಿಗೂ ನಡುವಣ ಕಾಲದಿಂದ ಸೆಕೆಂಡಿಗೆ 1435 ಮೀಟರ್ ಎಂಬ ವೇಗ ಸಿಕ್ಕಿತು. ಈಗಿನ ಅಳತೆಗೆ ಅದು ಬಹಳ ಸಮೀಪ. ರೇಡಿಯೋ ಇಟ್ಟುಕೊಂಡ ವಾಚಕರು ಒಂದು ವಿಷಯವನ್ನು ಗಮನಿಸಬೇಕು. ಆಕಾಶವಾಣಿಯ ಅಲೆಗಳು ಬೆಟ್ಟ ಬಯಲುಗಳನ್ನು ಹಾರಿ ನಮ್ಮ ಪಡಸಾಲೆಗೆ ಬರುತ್ತವೆ. ಉಪ್ಪು ನೀರಿನೊಳಗೆ ಮಾತ್ರ ಒಂದೆರಡು ಗಜ ಇಳಿಯುವಷ್ಟರಲ್ಲಿ ಅಡಗಿಹೋಗುತ್ತವೆ. ಬೆಳಕೂ ಆಳಕ್ಕೆ ಇಳಿಯದು. ಕಡಲಿನ ಒಡಲಲ್ಲಿ ದೂರದ ಸುದ್ದಿ ತರಬಲ್ಲ ದೂತ ಶಬ್ದವೊಂದೇ.

ಈ ದೂತನ ಉಪಯೋಗ ತಿಳಿಯುವ ಮೊದಲು ಅಲ್ಲಿ ಕೆಲಸ ಮಾಡಿದವರ ಪಾಡೇ ಬೇರೆ. 1893ರಿಂದ 1896ರವರೆಗೆ ನಾರ್ವೆಯ ನಾನ್ಸೆನ್ ತನ್ನ ಫ್ರಾಮ್ ಹಡಗನ್ನು ಬೇಕೆಂದೇ ಉತ್ತರದ ನೀರ್ಗಲ್ಲಿನಲ್ಲಿ ಸಿಕ್ಕಿಸಿ ಅದರೊಡನೆ ತೇಲಿದ. ಸಮುದ್ರದ ಆಳ ಅವನು ಎಣಿಸಿದ್ದಕ್ಕಿಂತ ಬಹಳ ಹೆಚ್ಚಾಗಿದ್ದು, ಒಯ್ದ ಹಗ್ಗ ತಳ ಮುಟ್ಟಲಿಲ್ಲ. ಹಡಗಿನ ಉಕ್ಕಿನ ಹುರಿಯನ್ನು ಎಳೆಎಳೆಯಾಗಿ ಬಿಚ್ಚಿ ಹೊಸೆದು ಉದ್ದ ಮಾಡಿಕೊಳ್ಳಬೇಕಾಯಿತು. ಆ ಕಷ್ಟದಲ್ಲೇ ಅವನು ಒಂದು ದೊಡ್ಡ ಸಂಗತಿಯನ್ನು ಕಂಡ. ಮೇಲಿನ ಕೊರೆಯುವ ನೀರಿನ ಕೆಳಗೆ ಅಟ್ಲಾಂಟಿಕ್ ಸಾಗರದಿಂದ ಹರಿದುಬಂದ ಬೆಚ್ಚನೆಯ ನೀರಿನ ಪದರವೊಂದಿತ್ತು. ಈ ಪದರ ನೂರು ವರ್ಷಗಳ ಮೇಲೆ ನಮ್ಮ ಕಥೆಗೆ ಮತ್ತೆ ಬರುತ್ತದೆ.

1912ರ ಏಪ್ರಿಲ್ 14ರ ರಾತ್ರಿ ಟೈಟಾನಿಕ್ ಹಡಗು ಹಿಮಪರ್ವತಕ್ಕೆ ತಾಗಿ, ಕೆಲವೇ ಗಂಟೆಗಳಲ್ಲಿ 1500ಕ್ಕೂ ಹೆಚ್ಚು ಜನರೊಡನೆ ಮುಳುಗಿತು. ಕಣ್ಣಿಗೆ ಕಾಣದ್ದನ್ನು ಮರುದನಿಯಿಂದ ಕಾಣಬಹುದೆಂಬ ಯೋಚನೆ ಆ ದುಃಖದಿಂದ ಚುರುಕಾಯಿತು. ಒಂದು ವಾರ ಕಳೆಯುವುದರೊಳಗೆ ಇಂಗ್ಲೆಂಡಿನ ರಿಚರ್ಡ್‌ಸನ್ ಇದಕ್ಕಾಗಿ ಹಕ್ಕುಪತ್ರದ ಅರ್ಜಿ ಹಾಕಿದ. ಕೆಲಸ ಮಾಡಿ ತೋರಿಸಿದವನು ಫೆಸೆಂಡೆನ್. ಈತನ ಹೆಸರು ರೇಡಿಯೋ ಕೇಳುವವರಿಗೆ ತಿಳಿದಿರಬೇಕಾದದ್ದು. ತಂತಿಯಿಲ್ಲದೆ ಮನುಷ್ಯನ ಮಾತನ್ನು 1900ರ ಡಿಸೆಂಬರಿನಲ್ಲಿ ಒಂದು ಮೈಲಿ ದೂರಕ್ಕೆ ಕಳುಹಿಸಿದವನು ಅವನೇ. 1914ರ ಏಪ್ರಿಲ್ 27ರಂದು, ನ್ಯೂಫೌಂಡ್‌ಲೆಂಡಿನ ಆಚೆಯ ಕಡಲಿನಲ್ಲಿ, ಮಯಾಮಿ ಎಂಬ ಹಡಗಿನಿಂದ ನೀರಿನೊಳಗೆ ತನ್ನ ಯಂತ್ರದ ಧ್ವನಿಯನ್ನು ಹೊರಡಿಸಿ, ಸುಮಾರು ಎರಡು ಮೈಲಿ ದೂರದ ಹಿಮಪರ್ವತದಿಂದ ಮರುದನಿಯನ್ನು ಹಿಡಿದ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಲಾಂಜೆವನ್ ಸ್ಫಟಿಕದ ತುಣುಕುಗಳಿಂದ ಅತಿ ತಾರವಾದ ಧ್ವನಿಯನ್ನು ಹೊರಡಿಸಿದ ಮೇಲೆ ಈ ವಿದ್ಯೆ ಬಲಿಯಿತು.

ಹಿಮಪರ್ವತ ಬೇರೆ, ಕಡಲ ನೀರ್ಗಲ್ಲು ಬೇರೆ. ಪತ್ರಿಕೆಗಳಲ್ಲಿ ಎರಡನ್ನೂ ಒಂದೇ ಗಂಟಿಗೆ ಕಟ್ಟುವುದನ್ನು ನೋಡಿದ್ದೇನೆ. ಹಿಮಪರ್ವತ ನೆಲದ ಮೇಲೆ ಬಿದ್ದ ಹಿಮ ಒತ್ತಿ ಗಟ್ಟಿಯಾಗಿ, ಜಾರಿ ಬಂದು ಕಡಲಿಗೆ ಬಿದ್ದ ಸಿಹಿನೀರಿನ ಗಡ್ಡೆ. ಕಡಲ ನೀರ್ಗಲ್ಲು ಉಪ್ಪು ನೀರೇ ಹೆಪ್ಪುಗಟ್ಟಿ ಆದದ್ದು. ಸಾವಿರ ಪಾಲಿಗೆ 35 ಪಾಲು ಉಪ್ಪಿರುವ ನೀರು ಸೊನ್ನೆಗಿಂತ ಸುಮಾರು 1.9 ಡಿಗ್ರಿ ಕೆಳಗೆ ಹೆಪ್ಪುಗಟ್ಟುತ್ತದೆ. ನೀರು ಹರಳಾಗುವಾಗ ಉಪ್ಪನ್ನು ತನ್ನೊಳಗೆ ಸೇರಿಸಿಕೊಳ್ಳುವುದಿಲ್ಲ, ಹೊರಕ್ಕೆ ತಳ್ಳುತ್ತದೆ. ಬಹುಪಾಲು ಉಪ್ಪು ಕೆಳಗಿನ ಕಡಲಿಗೆ ಇಳಿದುಹೋದರೂ ಐದಾರು ಪಾಲಿನಷ್ಟು ಹರಳುಗಳ ಸಂದಿನಲ್ಲಿ ಸಣ್ಣ ಸಣ್ಣ ಗೂಡುಗಳಾಗಿ, ಹೆಪ್ಪುಗಟ್ಟದ ಕಟುವಾದ ಉಪ್ಪುನೀರಾಗಿ ಉಳಿದುಬಿಡುತ್ತದೆ. ಜತೆಗೆ ಗಾಳಿಯ ಗುಳ್ಳೆಗಳು. ಗಡ್ಡೆಯ ಕಟ್ಟಕಡೆಯ ಕೆಲವು ಸೆಂಟಿಮೀಟರಂತೂ ಗಟ್ಟಿಯೂ ಅಲ್ಲ, ನೀರೂ ಅಲ್ಲ. ತೆಳುವಾದ ಹರಳಿನ ಹಾಳೆಗಳು ಕೆಳಮುಖವಾಗಿ ಬೆಳೆಯುತ್ತಿರುತ್ತವೆ, ನಡುವೆ ಉಪ್ಪುನೀರು ನಿಂತಿರುತ್ತದೆ. ನಮ್ಮ ಕಡೆ ಮುಂಗಾರಿನಲ್ಲಿ ಬೀಳುವ ಆಲಿಕಲ್ಲನ್ನು ಕಂಡವರು ಇದನ್ನು ಗಾಜಿನಂಥ ಒಂದೇ ಗಟ್ಟಿ ಎಂದು ಭಾವಿಸಬಾರದು. ಇದು ರಂಧ್ರಗಳ ಊರು.

ಇಂಥ ಪದಾರ್ಥದ ಒಳಗೆ ಧ್ವನಿ ಹೊಕ್ಕರೆ ವೇಗವೇನೋ ದೊರೆಯುತ್ತದೆ. ಗಟ್ಟಿ ನೀರ್ಗಲ್ಲಿನಲ್ಲಿ ಅದು ಸೆಕೆಂಡಿಗೆ 3000 ಮೀಟರಿಗೂ ಹೆಚ್ಚು, ನೀರಿನಲ್ಲಿರುವುದರ ಎರಡರಷ್ಟು. ಆದರೆ ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವೇನು? ಪ್ರತಿಯೊಂದು ಉಪ್ಪುನೀರಿನ ಗೂಡೂ ಗುಳ್ಳೆಯೂ ಅಲೆಯನ್ನು ಒಂದಿಷ್ಟು ಚದರಿಸುತ್ತದೆ, ಒಂದಿಷ್ಟು ನುಂಗುತ್ತದೆ. ಚಳಿ ಕಡಿಮೆಯಾಗಿ ಗಡ್ಡೆ ಕರಗುವ ಹಂತಕ್ಕೆ ಬಂದಂತೆಲ್ಲ ಗೂಡುಗಳು ಹಿಗ್ಗಿ ಒಂದರೊಡನೊಂದು ಸೇರುತ್ತವೆ, ಸುಂಕ ಏರುತ್ತದೆ. ಚಳಿಗಾಲದ ಗಡ್ಡೆಗೂ ಬೇಸಿಗೆಯ ಗಡ್ಡೆಗೂ, ಉಪ್ಪು ಬಸಿದುಹೋದ ಹಳೆಯ ಗಡ್ಡೆಗೂ ಹೊಸ ಗಡ್ಡೆಗೂ ಈ ವಿಷಯದಲ್ಲಿ ದೊಡ್ಡ ಅಂತರವುಂಟು. ಅಲೆ ಮುಂದಕ್ಕೆ ತಳ್ಳುವ ಬಗೆಯದಾಗಿರದೆ ಪಕ್ಕಕ್ಕೆ ಓಲಾಡುವ ಬಗೆಯದಾಗಿದ್ದರೆ ಇನ್ನೂ ಬೇಗ ಸೊರಗುತ್ತದೆ.

ದೂರ ಹೋಗುವ ಶಬ್ದ ಗಡ್ಡೆಯೊಳಗೆ ನಡೆಯುವುದಲ್ಲ, ಅದರ ಕೆಳಗೆ ನಡೆಯುವುದು. ಉಷ್ಣವಲಯದ ಸಾಗರದಲ್ಲಿ ಮೇಲಿನ ನೀರು ಬಿಸಿ, ಕೆಳಗಿನದು ತಂಪು. ಧ್ವನಿ ಅತಿ ನಿಧಾನವಾಗುವ ಪದರ ಸುಮಾರು ಒಂದು ಕಿಲೋಮೀಟರ್ ಆಳದಲ್ಲಿರುತ್ತದೆ. ಅಲ್ಲಿ ಸೇರಿದ ಧ್ವನಿ ಮೇಲಕ್ಕೂ ಕೆಳಕ್ಕೂ ತಾಗದೆ ಸಾವಿರಾರು ಮೈಲಿ ಸಾಗುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1944ರಲ್ಲಿ, ಅಮೆರಿಕದ ಯೂಯಿಂಗ್ ಇದನ್ನು ಪ್ರಯೋಗದಿಂದ ತೋರಿಸಿದ. ಧ್ರುವಸಾಗರದಲ್ಲಿ ಎಲ್ಲವೂ ತಲೆಕೆಳಗು. ಅತಿ ತಂಪಾದ ನೀರು ಮೇಲೆಯೇ ಇದೆ, ನಿಧಾನದ ಪದರವೂ ಅಲ್ಲಿಯೇ. ಹಿಂದೆ ಹೋದ ಎತ್ತು ಮೇಲುಗಡೆಯದು! ಆದುದರಿಂದ ಧ್ವನಿ ಮೇಲಕ್ಕೆ ಬಾಗಿ ನೀರ್ಗಲ್ಲಿನ ಮಾಡಿಗೆ ತಾಗುತ್ತದೆ, ಕೆಳಗಿಳಿದು ಮತ್ತೆ ಬಾಗಿ ಮತ್ತೆ ತಾಗುತ್ತದೆ. ನಮ್ಮ ಹೊಲಗಳಲ್ಲಿ ರಾತ್ರಿಯ ಡೊಳ್ಳು ನೆಲ ಹಿಡಿದು ಬರುವಂತೆ ಅಲ್ಲಿ ಧ್ವನಿ ಮಾಡು ಹಿಡಿದು ಹೋಗುತ್ತದೆ. ಬಿಜಾಪುರದಲ್ಲಿ ಗೋಡೆ ಬಾಗಿದೆ, ಧ್ವನಿಯ ದಾರಿ ನೆಟ್ಟಗಿದೆ. ಧ್ರುವದಲ್ಲಿ ಮಾಡು ನೆಟ್ಟಗಿದೆ, ಧ್ವನಿಯ ದಾರಿ ಬಾಗಿದೆ. ಫಲ ಒಂದೇ. ಇಡೀ ಧ್ರುವಸಾಗರವೇ ಒಂದು ಪಿಸುಮಾತಿನ ಮೊಗಸಾಲೆ.

ಮಾಡು ಮಾತ್ರ ನುಣುಪಲ್ಲ. ಗಾಳಿ ಮತ್ತು ಪ್ರವಾಹಗಳ ಹೊಡೆತಕ್ಕೆ ಹಲಗೆಗಳಂಥ ಗಡ್ಡೆಗಳು ಒಂದಕ್ಕೊಂದು ಡಿಕ್ಕಿ ಹೊಡೆದು, ಮುರಿದು, ಒಟ್ಟಿಕೊಂಡು ದಿಂಡುಗಳಾಗುತ್ತವೆ. ಮೇಲೆ ಕಾಣುವುದು ಆಳೆತ್ತರವಾದರೆ ಕೆಳಗೆ ತೂಗಾಡುವುದು ಹತ್ತು ಇಪ್ಪತ್ತು ಮೀಟರ್. ಕೆಲವೆಡೆ ನಲವತ್ತು ಮೀಟರಿಗೂ ಮಿಗಿಲು. ಇವುಗಳ ನಡುವೆ ನುಸುಳಿ ಹೋದವರಿಗೆ ಮಾಡಿನ ಬೆಲೆ ತಿಳಿದಿತ್ತು. 1958ರ ಜೂನಿನಲ್ಲಿ ಅಮೆರಿಕದ ಅಣುಶಕ್ತಿಯ ಜಲಾಂತರ್ಗಾಮಿ ನಾಟಿಲಸ್, ಅಲಾಸ್ಕದ ಬಳಿಯ ಆಳವಿಲ್ಲದ ಕಡಲಿನಲ್ಲಿ, ಮೇಲೆ ದಿಂಡು ಕೆಳಗೆ ನೆಲ ಎಂಬ ಇಕ್ಕಟ್ಟಿಗೆ ಸಿಕ್ಕಿತು. ಮೇಲ್ಮುಖವಾಗಿ ಧ್ವನಿ ಕಳುಹಿಸಿ ಮರುದನಿ ಹಿಡಿಯುವ ಯಂತ್ರದ ಸೂಜಿ ತೋರಿಸಿದ ಪ್ರಕಾರ, ಒಂದು ದಿಂಡಿಗೂ ಹಡಗಿನ ನೆತ್ತಿಗೂ ಇದ್ದ ಅಂತರ ಐದು ಅಡಿ. ಕಪ್ತಾನ ಆಂಡರ್ಸನ್ ಹಡಗನ್ನು ಹಿಂದಿರುಗಿಸಿದ. ಅದು ಹೇಡಿತನವಲ್ಲ, ಮರುದನಿಯ ಮಾತನ್ನು ನಂಬಿದ ವಿವೇಕ. ಮತ್ತೆ ಹೊರಟು ಆಗಸ್ಟ್ 3ರಂದು 116 ಜನರೊಡನೆ ಉತ್ತರಧ್ರುವದ ಕೆಳಗೆ ಹಾಯ್ದುಹೋದ. ಆ ಮೇಲ್ಮುಖದ ಯಂತ್ರವನ್ನು ಸಿದ್ಧಪಡಿಸಿದ ವಿಜ್ಞಾನಿ ವಾಲ್ಡೊ ಲಯನ್ ಹಡಗಿನಲ್ಲಿಯೇ ಇದ್ದ.

ತಲೆಯ ಮೇಲಿನ ಕೆಲವು ಮೀಟರಿಗೆ ತಾರಧ್ವನಿ ಸಾಕು. ದೂರದ ಮಾತು ಬಂದಾಗ ಅದು ಕೈಕೊಡುತ್ತದೆ. ರಷ್ಯದ ಪಪಾನಿನ್ ಮತ್ತು ಅವನ ಮೂವರು ಸಂಗಡಿಗರು 1937ರ ಮೇ ತಿಂಗಳಿನಿಂದ 274 ದಿನ ತೇಲುವ ಗಡ್ಡೆಯ ಮೇಲೆ ಬಿಡಾರ ಮಾಡಿ ದಾರಿ ತೋರಿಸಿದ್ದರು. ಅವರಲ್ಲೊಬ್ಬನಾದ ಕ್ರೆಂಕೆಲನ ರೇಡಿಯೋ ದಿನದಿನವೂ ಅವರ ಸುದ್ದಿಯನ್ನು ಹೊರಕ್ಕೆ ಕಳುಹಿಸುತ್ತಿತ್ತು. 1950 ಮತ್ತು 60ರ ದಶಕಗಳಲ್ಲಿ ಎರಡು ಬಣದವರೂ ಇಂಥ ಬಿಡಾರಗಳನ್ನು ಹೂಡಿ, ನೀರಿನೊಳಗೆ ಸಿಡಿಮದ್ದು ಹಾರಿಸಿ, ನೂರಾರು ಕಿಲೋಮೀಟರ್ ದೂರದಲ್ಲಿ ಆಲಿಸಿದರು. ಜಲಾಂತರ್ಗಾಮಿಗಳು ಮಾಡಿನ ಕೆಳಗೆ ಅಡಗಿ ಕೂರಬಹುದಾದ ಕಾಲ ಅದು. ಅವನ್ನು ಕೇಳಿಸಿಕೊಳ್ಳಬಹುದೆ ಇಲ್ಲವೆ ಎಂಬುದು ಯುದ್ಧಶಾಂತಿಗಳ ಪ್ರಶ್ನೆಯಾಗಿತ್ತು. ಕೇಳಿದ್ದು ನಮ್ಮ ಜಾತ್ರೆಯ ಡೊಳ್ಳಿನ ಪಾಠವನ್ನೇ. ಸಿಡಿಮದ್ದಿನ ಚಟಚಟವೆಲ್ಲ ದಾರಿಯಲ್ಲಿ ಸತ್ತು, ಅತಿ ಮಂದ್ರವಾದ ಗುಡುಗೊಂದೇ ತಲಪಿತು.

ಕಾರಣವನ್ನು ಬಾಯಿಲೆಕ್ಕದಲ್ಲೇ ಮಾಡಬಹುದು. ಅಲ್ಲಿಯ ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1440 ಮೀಟರ್. ಸೆಕೆಂಡಿಗೆ 2000 ಕಂಪನಗಳ ಸ್ವರವಾದರೆ ಒಂದು ಅಲೆಯ ಉದ್ದ 72 ಸೆಂಟಿಮೀಟರ್. 20 ಕಂಪನಗಳದ್ದಾದರೆ 72 ಮೀಟರ್. ಹತ್ತು ಮೀಟರಿನ ದಿಂಡು ಮೊದಲನೆಯದಕ್ಕೆ ಬೆಟ್ಟ, ಎರಡನೆಯದಕ್ಕೆ ಹೊಸ್ತಿಲು. ಒಂದು ಸಲ ತಾಗಿದಾಗ ಧ್ವನಿ ತನ್ನ ಬಲದ ಹತ್ತರಲ್ಲೊಂದು ಪಾಲನ್ನು ಮಾತ್ರ ಕಳೆದುಕೊಳ್ಳುತ್ತದೆಂದು ಇಟ್ಟುಕೊಳ್ಳಿ. 22 ಸಲ ತಾಗುವಷ್ಟರಲ್ಲಿ ಉಳಿಯುವುದೇ ಹತ್ತರಲ್ಲೊಂದು ಪಾಲು. 44 ಸಲಕ್ಕೆ ನೂರರಲ್ಲೊಂದು. ಸಾವಿರ ಕಿಲೋಮೀಟರ್ ಪಯಣದಲ್ಲಿ ಎಷ್ಟು ಸಲ ತಾಗಬೇಕು! ನುಣುಪಾದ ಗುಮ್ಮಟದಲ್ಲಿ ಗೆಲ್ಲುವುದು ಪಿಸುಮಾತಿನ ಸಕಾರ ಶಕಾರಗಳು. ಒರಟು ಮಾಡಿನ ಕೆಳಗೆ ಗೆಲ್ಲುವುದು ಡೊಳ್ಳು.

ಇದು ಆ ಕಡಲಿನ ಜೀವಿಗಳಿಗೂ ತಿಳಿದಂತಿದೆ. ಬಿಲ್ಲಿನಂಥ ದವಡೆಯ ದೊಡ್ಡ ತಿಮಿಂಗಿಲ ತಗ್ಗು ದನಿಯಲ್ಲಿ ಮೂಲುಗುತ್ತ ಗಡ್ಡೆಯ ಕೆಳಗೆ ಈಜುತ್ತದೆ; ಮುಂದೆ ಮಾಡು ಒರಟೊ ನುಣುಪೊ ಎಂಬುದನ್ನು ತನ್ನ ಮರುದನಿಯಿಂದಲೇ ಅರಿಯುತ್ತಿರಬಹುದೆಂದು ಕೆಲವು ವಿಜ್ಞಾನಿಗಳು ಊಹಿಸಿದ್ದಾರೆ. ಅಲಾಸ್ಕದ ಬೇಟೆಗಾರರು ದೋಣಿಯ ಹುಟ್ಟನ್ನು ನೀರಿಗದ್ದಿ, ಅದರ ಹಿಡಿಯನ್ನು ಕಿವಿಗಾನಿಸಿ ಸೀಲುಗಳ ಹಾಡನ್ನು ಕೇಳುವ ರೂಢಿಯುಂಟು. ಕೊಲಾಡನ್ನನ ಕೊಳವೆಯೂ ಈ ಹುಟ್ಟೂ ಒಂದೇ ಜಾತಿಯವು.

1994ರ ಏಪ್ರಿಲಿನಲ್ಲಿ ಹಿಂದಿನ ಎದುರಾಳಿಗಳಾದ ಅಮೆರಿಕದವರೂ ರಷ್ಯದವರೂ, ಕೆನಡದವರನ್ನು ಸೇರಿಸಿಕೊಂಡು, ಧ್ರುವಸಾಗರದ ಈಚೆಯಿಂದ ಆಚೆಗೆ ಒಂದು ಸ್ವರವನ್ನು ಕಳುಹಿಸಿದರು. ಸ್ವಾಲ್‌ಬಾರ್ಡ್ ದ್ವೀಪಗಳ ಉತ್ತರಕ್ಕೆ ಗಡ್ಡೆಯ ಮೇಲಿನ ಬಿಡಾರದಿಂದ ಹೊರಟ ಅದರ ಕಂಪನ ಸೆಕೆಂಡಿಗೆ 19.6. ಮನುಷ್ಯನ ಕಿವಿ ಹಿಡಿಯಲಾರದಷ್ಟು ಮಂದ್ರ. ಅಲಾಸ್ಕದ ಕಡೆಯ ಇನ್ನೊಂದು ಬಿಡಾರಕ್ಕೆ ದೂರ ಸುಮಾರು 2600 ಕಿಲೋಮೀಟರ್. ಹೋಗಿ ಮುಟ್ಟಲು ಅರ್ಧ ಗಂಟೆ ಹಿಡಿಯಿತು. ನಾವು ಸಂಜೆಯ ವಾರ್ತೆಗಳನ್ನೂ ಒಂದು ಕೀರ್ತನೆಯನ್ನೂ ಕೇಳಿ ಮುಗಿಸುವಷ್ಟು ಹೊತ್ತು ಆ ಒಂದು ಸ್ವರ ನೀರ್ಗಲ್ಲಿನ ಕೆಳಗೆ ಪಯಣಿಸಿತೆಂಬುದನ್ನು ನೆನೆದರೆ ನನಗೆ ಈಗಲೂ ಆಶ್ಚರ್ಯವಾಗುತ್ತದೆ. ಅದು ಸೊರಗಿಯೂ ತಲಪಿತು. ತಲಪಿದ್ದು ಹಳೆಯ ಅಂಕಿಗಳಿಂದ ಎಣಿಸಿದ್ದಕ್ಕಿಂತ ತುಸು ಬೇಗ. ನೀರು ಬೆಚ್ಚಗಾದರೆ ಧ್ವನಿಯ ವೇಗ ಹೆಚ್ಚುತ್ತದೆ. ನಾನ್ಸೆನ್ ಕಂಡ ಆ ಅಟ್ಲಾಂಟಿಕ್ ಪದರದ ಕಾವು ಹಳೆಯ ಸರಾಸರಿಗಿಂತ ಸುಮಾರು 0.4 ಡಿಗ್ರಿ ಏರಿದೆಯೆಂದು ಆ ಅವಸರದ ಆಗಮನದಿಂದ ತಿಳಿಯಿತು. ಉಕ್ಕಿನ ಹುರಿಯನ್ನು ಹೊಸೆದು ಒಂದೊಂದೇ ಕಡೆ ಇಳಿಬಿಟ್ಟು ನೋಡಬೇಕಾಗಿದ್ದದ್ದನ್ನು ಒಂದು ಸ್ವರ ಅರ್ಧ ಗಂಟೆಯಲ್ಲಿ ಅಡ್ಡಲಾಗಿ ಅಳೆದಿತ್ತು.

ಆಮೇಲೆ ಮಾಡೇ ಬದಲಾಗತೊಡಗಿತು. 1979ರ ಸೆಪ್ಟೆಂಬರಿನಲ್ಲಿ ಉತ್ತರದ ಕಡಲ ನೀರ್ಗಲ್ಲಿನ ಹರವು ಸುಮಾರು 70 ಲಕ್ಷ ಚದರ ಕಿಲೋಮೀಟರ್. 2012ರ ಸೆಪ್ಟೆಂಬರಿನಲ್ಲಿ ಸುಮಾರು 34 ಲಕ್ಷ. ನಮ್ಮ ಇಡೀ ದೇಶಕ್ಕಿಂತ ವಿಶಾಲವಾದ ಮಾಡು ಕಳಚಿಹೋಗಿತ್ತು. ಉಳಿದದ್ದರಲ್ಲಿಯೂ ವರ್ಷಗಟ್ಟಲೆ ಬಲಿತ ದಪ್ಪ ಗಡ್ಡೆ ವಿರಳವಾಗಿ, ಒಂದೇ ಚಳಿಗಾಲ ಕಂಡ ತೆಳು ಗಡ್ಡೆ ಹೆಚ್ಚಿದೆ. ಹೊಸದರಲ್ಲಿ ಉಪ್ಪು ಹೆಚ್ಚು, ಆದರೆ ದಿಂಡುಗಳು ಚಿಕ್ಕವು. ಹಾಗಾಗಿ ದೂರದ ಧ್ವನಿಗೆ ಸುಂಕ ಕೆಲವು ಕಡೆ ಇಳಿದಿದೆ. ಶಾಂತಸಾಗರದಿಂದ ಬೇರಿಂಗ್ ಜಲಸಂಧಿಯ ಮೂಲಕ ನುಗ್ಗುವ ಬೆಚ್ಚನೆಯ ನೀರು ಅಲಾಸ್ಕದ ಉತ್ತರಕ್ಕೆ ಒಂದು ಪದರವಾಗಿ ಹಾಸಿಕೊಂಡು, ಅದರ ಕೆಳಗೆ ಧ್ವನಿ ಮಾಡಿಗೆ ತಾಗದೆಯೇ ಸಾಗಬಲ್ಲ ಒಂದು ಕಾಲುವೆಯನ್ನು ಮಾಡಿಕೊಟ್ಟಿದೆ. 2016 ಮತ್ತು 2017ರಲ್ಲಿ ಅಲ್ಲಿ ವರ್ಷಪೂರ್ತಿ ಧ್ವನಿಯನ್ನು ಕಳುಹಿಸಿ ಪರೀಕ್ಷಿಸಿದ್ದಾರೆ. ಸಿಡಿಮದ್ದಿನ ಕಾಲದಲ್ಲಿ ಕಟ್ಟಿದ ನಷ್ಟದ ಕೋಷ್ಟಕಗಳು ಬೇರೊಂದು ಕಡಲಿನವು. ಧ್ವನಿ ಹೆಚ್ಚು ದೂರ ಹೋಗುತ್ತದೆ ಎಂದರೆ ಸಂತೋಷದ ಸುದ್ದಿಯೆಂದು ತಿಳಿಯಬಾರದು. ಹಡಗುಗಳ ಗದ್ದಲವೂ ಅಷ್ಟೇ ದೂರ ಹೋಗುತ್ತದೆ, ತಿಮಿಂಗಿಲದ ಮೂಲುಗು ಅದರಲ್ಲಿ ಮುಚ್ಚಿಹೋಗುತ್ತದೆ.

ಈ ಆಲಿಸುವ ಕೆಲಸದಲ್ಲಿ ನಮ್ಮವರೂ ಸೇರಿದ್ದಾರೆ. ಸ್ವಾಲ್‌ಬಾರ್ಡಿನಲ್ಲಿ ಭಾರತದ ಹಿಮಾದ್ರಿ ನಿಲ್ದಾಣ 2008ರಲ್ಲಿ ಆರಂಭವಾಯಿತು. 2014ರ ಜುಲೈನಲ್ಲಿ ಅದರ ಬಳಿಯ ಕಾಂಗ್ಸ್‌ಫ್ಯೋರ್ಡೆನ್ ಎಂಬ ಕಡಲಚಾಚಿನಲ್ಲಿ, 192 ಮೀಟರ್ ಆಳದ ತಳಕ್ಕೆ ಲಂಗರು ಹಾಕಿ, ನೀರಿನ ಕಾವು ಉಪ್ಪುಗಳನ್ನು ಅಳೆಯುವ ಉಪಕರಣಗಳ ಸರಪಣಿಯೊಂದನ್ನು ಭಾರತೀಯ ವಿಜ್ಞಾನಿಗಳು ನಿಲ್ಲಿಸಿದರು. ನೀರೊಳಗಿನ ಸದ್ದನ್ನು ದಾಖಲಿಸುವ ಕಿವಿಗಳನ್ನು ಅಲ್ಲಿ ಇಳಿಬಿಟ್ಟವರು ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು. ಅಂಥ ಕಡಲಚಾಚುಗಳು ಶಾಂತವೆಂದು ಚಿತ್ರಗಳಲ್ಲಿ ಕಾಣುತ್ತವೆ. ನೀರಿನೊಳಗೆ ಹಾಗಲ್ಲ. ನೆಲದ ಹಿಮನದಿ ಮುರಿದು ಬೀಳುವಾಗ ಗುಡುಗು. ಬಿದ್ದ ತುಂಡುಗಳು ಕರಗುವಾಗ, ಒಳಗೆ ಶತಮಾನಗಳಿಂದ ಸೆರೆಯಿದ್ದ ಗಾಳಿಯ ಗುಳ್ಳೆಗಳು ಒಡೆದು, ಬಾಣಲೆಯ ಕಾದ ಎಣ್ಣೆಯಲ್ಲಿ ಸಾಸಿವೆ ಸಿಡಿದಂತೆ ಸದ್ದು ಮಾಡುತ್ತಲೇ ಇರುತ್ತವೆ.